ಕೈ ಕಟ್ಟಿಹಾಕಿದ್ರೆ ಯೋಚನೆನೂ ಕಟ್ಟುತ್ತಾ? ಗೊತ್ತಿರೋರು ಸ್ವಲ್ಪ ಹೇಳಿ

ತಿಳಿನೀರು (ಪ್ರಶ್ನೆ)

ಎಲ್ರಿಗೂ ನಮಸ್ಕಾರ. ಇದನ್ನ ಹೇಗೆ ಕೇಳೋದು ಅಂತ ಒಂದು ವಾರದಿಂದ ಒದ್ದಾಡ್ತಿದೀನಿ, ಉದ್ದ ಆದ್ರೆ ಕ್ಷಮಿಸಿ. ಮೆಟ್ಟಿಲಿಂದ ಜಾರಿ ಬಲಗೈ ಮಣಿಕಟ್ಟು ಮುರೀತು, ಬೆರಳಿನ ಬುಡದಿಂದ ಮೊಣಕೈ ದಾಟಿ ಪ್ಲಾಸ್ಟರ್, ಕುತ್ತಿಗೆಗೆ ಜೋಲಿ, ಆರು ವಾರ. ಸ್ನಾನ, ಅಂಗಿ ಗುಂಡಿ, ನಿದ್ದೆ ಇದೆಲ್ಲ ಕಷ್ಟ ಆಗುತ್ತೆ ಅಂತ ಗೊತ್ತಿತ್ತು. ಗೊತ್ತಿಲ್ದೇ ಇದ್ದಿದ್ದು ಏನಂದ್ರೆ ನನ್ನ ಮಾತೇ ತಡವರಿಸೋಕೆ ಶುರು ಆಯ್ತು.

ನನ್ನ ಕೆಲಸ ಮಷೀನ್ ಪಾರ್ಟ್‌ಗಳ ಡ್ರಾಯಿಂಗ್ ಮಾಡೋದು. ದಿನಕ್ಕೆ ನಾಲ್ಕೈದು ಸಲ ಫೋನಲ್ಲಿ ಯಾರಿಗಾದ್ರೂ ವಿವರಿಸ್ಬೇಕು, ಈ ಕೊಳವೆ ಪ್ಲೇಟಿನ ಕೆಳಗಿಂದ ಬಂದು, ಹಿಂಗೆ ಬಗ್ಗಿ, ಆಮೇಲೆ ಒಳಮುಖ ತಿರುಗುತ್ತೆ ಅಂತ. ಹತ್ತು ವರ್ಷದಿಂದ ಮಾಡ್ತಿರೋ ಕೆಲಸ, ನಾಲಿಗೆ ತುದೀಲಿ ಇರೋ ಮಾತುಗಳು. ಪ್ಲಾಸ್ಟರ್ ಬಿದ್ದ ಮೇಲೆ ಆ "ತಿರುಗುತ್ತೆ" ಅನ್ನೋ ಜಾಗಕ್ಕೆ ಬಂದಾಗೆಲ್ಲ ನಿಂತ್ಬಿಡ್ತಿದ್ದೆ. ಚಿತ್ರ ತಲೇಲಿದೆ, ಪದ ಬರಲ್ಲ. ಅದೇ ಹೊತ್ತಿಗೆ ಪ್ಲಾಸ್ಟರ್ ಒಳಗೆ ಮಣಿಕಟ್ಟು ತಿರುಗೋಕೆ ಎಳೀತಿರೋದು ಗೊತ್ತಾಗ್ತಿತ್ತು, ಚುಳ್ ಅಂತ ನೋವು ಬೇರೆ. ಫೋನಲ್ಲಿ ನನ್ನ ಕೈ ಯಾರಿಗೂ ಕಾಣಲ್ಲ, ಹಾಗಿದ್ರೆ ಅದು ಯಾರಿಗೋಸ್ಕರ ಆಡ್ತಿತ್ತು? ವಿಚಿತ್ರ ಅಂದ್ರೆ ಸಂಬಳದ ವಿಷಯ, ಮನೆ ವಿಷಯ, ಜಗಳ ಕೂಡ ಸಲೀಸಾಗಿ ಮಾತಾಡ್ತಿದ್ದೆ. ಆಕಾರ, ದಿಕ್ಕು ಬಂದ್ರೆ ಮಾತ್ರ ತೊಡಕು.

ಡಾಕ್ಟರ್ ಹತ್ರ ಹೇಳಿದ್ರೆ ನೋವಿನ ಮಾತ್ರೆ ಎಫೆಕ್ಟ್ ಅಂದ್ರು. ಮಾತ್ರೆ ಎರಡನೇ ವಾರಕ್ಕೇ ನಿಲ್ಲಿಸಿದ್ದೆ, ತೊಡಕು ನಿಲ್ಲಲಿಲ್ಲ. ನಾನು ಇಷ್ಟು ದಿನ ಅಂದ್ಕೊಂಡಿದ್ದು ತಲೆ ಯೋಚನೆ ಮಾಡುತ್ತೆ, ಮೈ ಹೇಳಿದ್ದು ಕೇಳುತ್ತೆ, ಅಷ್ಟೇ ಅಂತ. ಈಗ ಆ ನಂಬಿಕೆ ಅಲ್ಲಾಡ್ತಿದೆ. ಯೋಚನೆ ಅನ್ನೋದ್ರಲ್ಲಿ ಮೈಗೂ ಪಾಲಿದೆಯಾ, ಇಲ್ಲ ಇದೆಲ್ಲ ನನ್ನ ಭ್ರಮೆನಾ?

---

ಫಿಸಿಯೋ_ಅಕ್ಕ

ಭ್ರಮೆ ಅಲ್ಲ. ನೀವು ಹೇಳಿರೋದನ್ನ ಹೆಚ್ಚುಕಮ್ಮಿ ಹಾಗೇ ಪರೀಕ್ಷೆ ಮಾಡಿ ನೋಡಿದಾರೆ. 1996ರಲ್ಲಿ ಒಂದು ಪ್ರಯೋಗ, ಜನಕ್ಕೆ ಕಾರ್ಟೂನ್ ತೋರಿಸಿ ಅದ್ರಲ್ಲಿ ಏನಾಯ್ತು ಅಂತ ವಿವರಿಸೋಕೆ ಹೇಳಿದ್ರು, ಕೈ ಆಡಿಸೋಕೆ ಬಿಟ್ಟು ಒಂದ್ಸಲ, ಬಿಡದೆ ಒಂದ್ಸಲ. ಕೈಗೆ ತಡೆ ಹಾಕಿದಾಗ ಜಾಗ, ದಿಕ್ಕು, ಚಲನೆ ಇರೋ ಮಾತುಗಳೇ ನಿಧಾನ ಆದ್ವು, ಉಳಿದ ಮಾತಿಗೆ ಅಂಥ ವ್ಯತ್ಯಾಸ ಆಗಲಿಲ್ಲ. ನಿಮ್ಮ ಕೊಳವೆ ಮತ್ತೆ ನಿಮ್ಮ ಸಂಬಳದ ಮಾತು, ಎರಡಕ್ಕೂ ಇದೇ ಉತ್ತರ.

ನಾನು ಪುನಶ್ಚೇತನ ವಿಭಾಗದಲ್ಲಿ ಕೆಲಸ ಮಾಡೋದು, ದಿನಾ ನೋಡೋದೇ ಇದು. ಮೈ ಅಂದ್ರೆ ನಮಗೆ ಗಟ್ಟಿಯಾಗಿ ಗೊತ್ತಿರೋ ವಸ್ತು ಅಂದ್ಕೊಂಡಿರ್ತೀವಿ. ಅದು ಮೆದುಳು ಕ್ಷಣಕ್ಷಣಕ್ಕೂ ಅಂದಾಜು ಹಾಕಿ ಕಟ್ಕೊಳ್ತಿರೋ ಚಿತ್ರ. ಟ್ರೈನಿಂಗ್‌ನಲ್ಲಿ ನನ್ನ ಮೇಲೇ ಮಾಡಿದ್ರು: ನನ್ನ ಎಡಗೈ ಒಂದು ಅಡ್ಡ ರಟ್ಟಿನ ಹಿಂದೆ, ಕಣ್ಣೆದುರಿಗೆ ರಬ್ಬರ್ ಕೈ. ಎರಡರ ಮೇಲೂ ಒಂದೇ ತಾಳದಲ್ಲಿ ಬ್ರಷ್ ಆಡಿಸ್ತಾರೆ. ಒಂದೆರಡು ನಿಮಿಷ ಅಷ್ಟೇ, ಬ್ರಷ್ಷಿನ ಕಚಗುಳಿ ರಬ್ಬರ್ ಬೆರಳಲ್ಲೇ ಆಗ್ತಿದೆ ಅನ್ನಿಸ್ತು, ಯಾರೋ ಅದರ ಮೇಲೆ ಸುತ್ತಿಗೆ ಎತ್ತಿದ್ರು, ನಾನು ನಿಜವಾದ ಕೈ ಕಿತ್ಕೊಂಡೆ. ರಬ್ಬರ್ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೂ ಎದೆ ಧಸಕ್ ಅಂತು. ಬ್ರಷ್ ತಾಳ ತಪ್ಪಿಸಿದ್ರೆ ಮಾತ್ರ ಏನೂ ಆಗಲ್ಲ. ಇದನ್ನ ಮೊದಲು ಬರೆದಿದ್ದು ಬಾಟ್ವಿನಿಕ್, ಕೋಹೆನ್ ಅನ್ನೋ ಇಬ್ಬರು, 1998ರಲ್ಲಿ.

ಇದರ ಇನ್ನೊಂದು ತುದಿ ಇಯನ್ ವಾಟರ್‌ಮನ್ ಕಥೆ. ಇಂಗ್ಲಿಷ್ ಮನುಷ್ಯ, 1971ರಲ್ಲಿ, 19ನೇ ವಯಸ್ಸಲ್ಲಿ, ಒಂದು ಜ್ವರ ಬಂದು ಹೋದ ಮೇಲೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶ ಹೋಯ್ತು, ಜೊತೆಗೆ ಕೈಕಾಲು ಎಲ್ಲಿದೆ ಅಂತ ಒಳಗಿಂದ ಗೊತ್ತಾಗೋ ಅರಿವೂ ಹೋಯ್ತು. ಸ್ನಾಯು ಎಲ್ಲ ಸರಿ ಇದೆ, ನೋವು ಗೊತ್ತಾಗುತ್ತೆ, ಬಿಸಿ ತಣ್ಣಗೆ ಗೊತ್ತಾಗುತ್ತೆ. ಆದ್ರೆ ಕಣ್ಣು ಮುಚ್ಚಿದ್ರೆ ಕೈ ಎಲ್ಲಿದೆ ಅಂತ ತಿಳಿಯಲ್ಲ. ಛಲ ಬಿಡದೆ ಕಣ್ಣಲ್ಲಿ ನೋಡ್ಕೊಂಡು ಒಂದೊಂದು ಚಲನೆನೂ ಯೋಚಿಸಿ ಮಾಡೋದು ಕಲಿತ್ರು, ಎದ್ದು ಕೂರೋದು, ನಿಲ್ಲೋದು, ನಡೆಯೋದು. ಲೈಟ್ ಹೋದ್ರೆ ಬೀಳ್ತಾರೆ. ನಾವು ನಡೀತಾ ಹರಟೆ ಹೊಡೀತೀವಲ್ಲ, ಅವರಿಗೆ ನಡೆಯೋದೇ ಇಡೀ ತಲೆಯ ಕೆಲಸ.

ಇನ್ನೂ ಇದೆ. ಅದೇ ಮನುಷ್ಯ ಕೈ ಕಾಣದ ಹಾಗೆ ಮರೆ ಹಾಕಿದ್ರೆ ಎದುರಿಗಿರೋ ವಸ್ತುವನ್ನ ಸರಿಯಾಗಿ ಹಿಡಿಯೋಕೆ ಆಗಲ್ಲ, ಆದ್ರೆ ಮಾತಾಡ್ತಾ ಇದ್ರೆ ಮರೆ ಹಿಂದೆನೂ ಕೈ ಮಾತಿಗೆ ತಕ್ಕ ಹಾಗೆ ಆಡುತ್ತೆ. ಮಾತಿನ ಜೊತೆ ಬರೋ ಕೈಸನ್ನೆ ಮಾತಿನ ಜೊತೆಗೇ ಹುಟ್ಟುತ್ತೆ ಅಂತ ನಾನು ಇದನ್ನ ಓದಿಕೊಂಡಿದೀನಿ. ನಿಮ್ಮ ಕೈ ಯಾರಿಗೋಸ್ಕರ ಆಡ್ತಿತ್ತು ಅಂದ್ರಲ್ಲ, ನಿಮಗೋಸ್ಕರನೇ.

---

ಗುರುವಾರ_ಸಂಜೆ

ಸಣ್ಣದೊಂದು ಸೇರಿಸ್ತೀನಿ. ನನ್ನ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿದ್ರೆ ನನಗೇ ಹೇಳೋಕೆ ಬರಲ್ಲ. ಕೀಬೋರ್ಡ್ ಮುಂದೆ ಕೂತ್ರೆ ಬೆರಳು ಹೊಡೆದುಬಿಡುತ್ತೆ. ಫೋನಲ್ಲಿ ಅದೇ ಪಾಸ್‌ವರ್ಡ್ ಹಾಕೋಕೆ ಹೋಗಿ ಟೇಬಲ್ ಮೇಲೆ ಸುಮ್ನೆ ಟೈಪ್ ಮಾಡಿದ ಹಾಗೆ ಮಾಡಿ, ಯಾವ ಬೆರಳು ಎಲ್ಲಿ ಹೋಯ್ತು ಅಂತ ನೋಡ್ಕೊಂಡು ಅಕ್ಷರ ಹುಡುಕ್ಬೇಕಾಯ್ತು. ಗೊತ್ತಿರೋದು ನನಗಾ ನನ್ನ ಕೈಗಾ ಅಂತ ಅವತ್ತಿಂದ ತಲೇಲಿ ಕೊರೀತಿದೆ.

---

ಪುರಾವೆ_ಎಲ್ಲಿ

ಪ್ರಶ್ನೆ ಚೆನ್ನಾಗಿದೆ, ಫಿಸಿಯೋ ಅಕ್ಕ ಹೇಳಿರೋದೂ ಗಟ್ಟಿ ವಿಷಯ. ಆದ್ರೆ ಈ ಟಾಪಿಕ್ ಬಂದ ತಕ್ಷಣ ಜೊಳ್ಳೂ ಜೊತೆಗೆ ಬರುತ್ತೆ, ಅದಕ್ಕೆ ಈಗಲೇ ಹೇಳಿಬಿಡ್ತೀನಿ, ಯಾಕಂದ್ರೆ ನಾನೇ ಒಂದು ಕಾಲದಲ್ಲಿ ಇದನ್ನೆಲ್ಲ ನಂಬಿ ನಾಲ್ಕು ಜನಕ್ಕೆ ಹೇಳಿದೀನಿ.

ಕೈಕಾಲು ಅಗಲಿಸಿ ಗತ್ತಿನ ಭಂಗೀಲಿ ಕೂತ್ರೆ, ನಿಂತ್ರೆ ಹಾರ್ಮೋನ್ ಬದಲಾಗಿ ಧೈರ್ಯ ಬರುತ್ತೆ ಅಂತ 2010ರಲ್ಲಿ ಒಂದು ಅಧ್ಯಯನ ಬಂತು, 42 ಜನರ ಮೇಲೆ. ಲೋಕ ತುಂಬಾ ಹಬ್ಬಿತು. 2015ರಲ್ಲಿ 200 ಜನರ ಮೇಲೆ ಮತ್ತೆ ಮಾಡಿದ್ರೆ ಹಾರ್ಮೋನ್ ಬದಲಾಗಲಿಲ್ಲ, ಮನಸ್ಸಿಗೆ ಒಂಚೂರು ಹಾಗೆ ಅನ್ನಿಸಿದ್ದು ಬಿಟ್ರೆ ನಡವಳಿಕೆನೂ ಬದಲಾಗಲಿಲ್ಲ. ಮೊದಲ ಅಧ್ಯಯನದ ಮುಖ್ಯ ಲೇಖಕಿ 2016ರಲ್ಲಿ ಇದು ನಿಜ ಅಂತ ನಾನು ನಂಬಲ್ಲ ಅಂತ ಬಹಿರಂಗವಾಗೇ ಬರೆದ್ರು, ಅದಕ್ಕೆ ನಿಜಕ್ಕೂ ಎದೆಗಾರಿಕೆ ಬೇಕು. ಬಿಸಿ ಲೋಟ ಹಿಡ್ಕೊಂಡ್ರೆ ಎದುರಿಗಿರೋರು ಒಳ್ಳೆಯವರಾಗಿ ಕಾಣ್ತಾರೆ ಅನ್ನೋ 2008ರ ಪ್ರಯೋಗವೂ ದೊಡ್ಡ ಸಂಖ್ಯೇಲಿ ಮಾಡಿದಾಗ ನಿಲ್ಲಲಿಲ್ಲ. ಹಲ್ಲಲ್ಲಿ ಪೆನ್ ಕಚ್ಚಿ ಮುಖ ನಗುವಿನ ಆಕಾರಕ್ಕೆ ಬಂದ್ರೆ ಕಾರ್ಟೂನ್ ಜಾಸ್ತಿ ತಮಾಷೆ ಅನ್ನಿಸುತ್ತೆ ಅಂತ 1988ರಲ್ಲಿ ಬಂದಿದ್ದು, 2016ರಲ್ಲಿ 17 ಲ್ಯಾಬ್ ಸೇರಿ ಮಾಡಿದಾಗ ಸಿಗಲಿಲ್ಲ. ಆಮೇಲೆ 2022ರಲ್ಲಿ 19 ದೇಶಗಳ ಜನರ ಮೇಲೆ ಮಾಡಿದ್ರಲ್ಲಿ ಬೇಕಂತಲೇ ನಕ್ಕ ಮುಖ ಮಾಡಿದ್ರೆ ಸ್ವಲ್ಪ ಖುಷಿ ಹೆಚ್ಚಾಗಿದ್ದು ಕಂಡಿತು, ಪೆನ್ನಿನ ವಿಷಯ ಮಾತ್ರ ತೀರ್ಮಾನ ಆಗಲಿಲ್ಲ.

ನನಗೆ ಇದ್ರಲ್ಲಿ ಒಂದು ಗೆರೆ ಕಾಣುತ್ತೆ. ಮೈಯನ್ನ ಸ್ವಿಚ್ ಥರ ಒತ್ತಿ ಮನಸ್ಸಿನ ಲೈಟ್ ಹಾಕ್ಬಹುದು ಅನ್ನೋ ಪ್ರಯೋಗಗಳು ಒಂದೊಂದಾಗಿ ಉದುರಿದ್ವು. ಮೈ ಏನು ಮಾಡ್ತಿದೆ, ಎಲ್ಲಿದೆ, ಹೇಗೆ ಚಲಿಸ್ತಿದೆ ಅನ್ನೋ ಪ್ರಯೋಗಗಳು ಉಳ್ಕೊಂಡ್ವು.

ಮತ್ತೆ "ಮೈ ಇಲ್ಲದೆ ಯೋಚನೆನೇ ಇಲ್ಲ" ಅಂತ ಹೇಳೋರಿಗೂ ಒಂದು ಮಾತು. ಜಾನ್-ಡೊಮಿನಿಕ್ ಬೋಬಿ ಅಂತ ಫ್ರೆಂಚ್ ಪತ್ರಕರ್ತ, 1995ರ ಡಿಸೆಂಬರ್‌ನಲ್ಲಿ ಸ್ಟ್ರೋಕ್ ಆಗಿ ಹೆಚ್ಚುಕಮ್ಮಿ ಇಡೀ ಮೈ ಸ್ತಬ್ಧ, ಎಡಗಣ್ಣಿನ ರೆಪ್ಪೆ ಒಂದು ಬಿಟ್ಟು. ಎದುರಿಗಿದ್ದೋರು ಅಕ್ಷರ ಒಂದೊಂದಾಗಿ ಹೇಳ್ತಾ ಹೋಗ್ತಾರೆ, ಬೇಕಾದ ಅಕ್ಷರ ಬಂದಾಗ ಅವನು ರೆಪ್ಪೆ ಮುಚ್ತಾನೆ. ಹಾಗೇ ಒಂದು ಇಡೀ ಪುಸ್ತಕ ಬರೆಸಿದ. ಕೈ ಆಡಿಸದೆ, ನಾಲಿಗೆ ಆಡಿಸದೆ, ಪ್ಯಾರಾ ಪ್ಯಾರಾಗಳನ್ನ ಮೊದಲೇ ತಲೇಲಿ ಕಟ್ಟಿಟ್ಕೊಂಡು.

---

ಫಿಸಿಯೋ_ಅಕ್ಕ

ಒಪ್ತೀನಿ, ಆದ್ರೆ ಬೋಬಿಗೆ ಅವತ್ತು 43 ವರ್ಷ. 43 ವರ್ಷ ನಡೆದು, ಹಿಡಿದು, ಅಪ್ಪಿಕೊಂಡು, ಬರೆದು ಆಗಿತ್ತು. ಕಟ್ಟಿದ ಮನೆಗೂ ಕಟ್ತಿರೋ ಮನೆಗೂ ವ್ಯತ್ಯಾಸ ಇಲ್ವಾ.

1963ರಲ್ಲಿ ಹೆಲ್ಡ್ ಮತ್ತೆ ಹೈನ್ ಬೆಕ್ಕಿನ ಮರಿಗಳ ಮೇಲೆ ಮಾಡಿದ್ದು ನೋಡಿ. ಓದೋಕೆ ಸಂಕಟ ಆಗುತ್ತೆ, ಆದ್ರೂ ಹೇಳ್ತೀನಿ. ಕತ್ತಲಲ್ಲಿ ಬೆಳೆಸಿದ ಎರಡು ಮರಿ, ಬೆಳಕು ಸಿಗೋದು ದಿನಕ್ಕೆ ಸ್ವಲ್ಪ ಹೊತ್ತು ಒಂದು ತಿರುಗಣೆಯಲ್ಲಿ ಮಾತ್ರ. ಒಂದು ಮರಿ ತನ್ನ ಕಾಲಲ್ಲಿ ನಡೆಯುತ್ತೆ, ಇನ್ನೊಂದು ತೊಟ್ಟಿಲಿನಂಥದ್ರಲ್ಲಿ ಕೂತು ಅದು ಎಳೆದ ಕಡೆ ಹೋಗುತ್ತೆ. ಕಣ್ಣಿಗೆ ಬೀಳೋ ದೃಶ್ಯ ಎರಡಕ್ಕೂ ಒಂದೇ. ನಡೆದ ಮರಿ ಆಳ ನೋಡಿ ಹಿಂದೆ ಸರಿಯೋದು ಕಲಿತು. ಕೂತಿದ್ದ ಮರಿ ಅಂಚು ಯಾವುದು ಸಮ ಯಾವುದು ಅಂತ ಗೊತ್ತು ಮಾಡ್ಕೊಳ್ಳಲಿಲ್ಲ, ನೆಲ ಹತ್ರ ಬಂದಾಗ ಪಂಜ ಮುಂದೆ ಚಾಚಲಿಲ್ಲ. ಆಮೇಲೆ ಬೆಳಕಲ್ಲಿ ಸ್ವತಂತ್ರವಾಗಿ ಓಡಾಡೋಕೆ ಬಿಟ್ಟಾಗ ಅದೂ ಕಲ್ತುಕೊಳ್ತು, ಅಂದ್ರೆ ಕಣ್ಣು ಕೆಟ್ಟಿರಲಿಲ್ಲ. ಕಣ್ಣಿಗೆ ಕಾಲಿನ ಜೊತೆ ಇರಲಿಲ್ಲ ಅಷ್ಟೇ.

---

ಪುರಾವೆ_ಎಲ್ಲಿ

ಆ ವ್ಯತ್ಯಾಸ ನ್ಯಾಯವಾದದ್ದು. ಆದ್ರೂ ಅದನ್ನೂ ಪೂರ್ತಿ ಎಳೀಬೇಡಿ. ಮೋಬಿಯಸ್ ಸಿಂಡ್ರೋಮ್ ಇರೋರು ಹುಟ್ಟಿದಾಗಿಂದ ಮುಖದ ಸ್ನಾಯು ಆಡಿಸಲಾರರು, ಒಂದು ದಿನವೂ ನಕ್ಕ ಮುಖ ಮಾಡಿಲ್ಲ, ಬೇರೆಯವರ ಮುಖದಲ್ಲಿ ನಗು, ಸಿಟ್ಟು, ದುಃಖ ಗುರುತಿಸೋದ್ರಲ್ಲಿ ಹೆಚ್ಚಿನವರು ನಮ್ಮ ಹಾಗೇ ಇದಾರೆ. ಹಾಗಾಗಿ "ತಾನು ಮಾಡದ್ದನ್ನ ಅರ್ಥ ಮಾಡ್ಕೊಳ್ಳೋಕೆ ಆಗಲ್ಲ" ಅಂತ ಹೇಳಿದ್ರೆ ಅದು ತಪ್ಪು, ಅವರಿಗೆ ಅನ್ಯಾಯ ಕೂಡ.

---

ಬಿಳಿಕೋಲು

ತುಂಬಾ ದಿನ ಆದ್ಮೇಲೆ ಬರೀತಿದೀನಿ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ, ಇದನ್ನೆಲ್ಲ ಸ್ಕ್ರೀನ್ ರೀಡರ್ ಓದಿ ಹೇಳಿದ್ದನ್ನ ಕೇಳ್ಕೊಂಡು ಟೈಪ್ ಮಾಡ್ತಿದೀನಿ. ಮೊನ್ನೆ ಕೊನೆಯ ಪೋಸ್ಟ್ ಕೇಳಿದ ಮೇಲೆ ಬರೀಲೇಬೇಕು ಅನ್ನಿಸ್ತು.

ಕೋಲಿನ ತುದಿ ಮಣ್ಣಿಗೆ ತಾಗಿದ್ರೆ ಮಣ್ಣು ನನಗೆ ತುದೀಲೇ ಸಿಗುತ್ತೆ. ಅಂಗೈಲಿ ಅಲ್ಲ. ಅಂಗೈಗೆ ಬರ್ತಿರೋದು ಬರೀ ನಡುಕ ಅಂತ ವಿಜ್ಞಾನ ಹೇಳುತ್ತೆ, ಇರಬಹುದು, ಆದ್ರೆ ನನಗೆ ಗೊತ್ತಾಗೋದು ನಡುಕ ಅಲ್ಲ, ಅಲ್ಲಿ ಮುಂದೆ ಒದ್ದೆ ಇದೆ, ಇಲ್ಲಿ ಜಲ್ಲಿ ಇದೆ, ಇದು ಮೆಟ್ಟಿಲಿನ ಅಂಚು ಅಂತ. ಹೋದ ವರ್ಷ ಹೊಸ ಕೋಲು ತಗೊಂಡೆ, ನಾಲ್ಕು ಬೆರಳು ಉದ್ದ ಜಾಸ್ತಿ, ತುದಿ ಉರುಳೋ ಥರದ್ದು. ಮೊದಲ ಎರಡು ದಿನ ಎಲ್ಲ ಅಂಗೈಗೇ ಬಂತು, ಗರಗರ ಗರಗರ ಅಂತ, ತಲೆನೋವು ಬಂದುಬಿಡ್ತು, ರಸ್ತೆನೇ ಸಿಗ್ತಿರ್ಲಿಲ್ಲ. ಮೂರನೇ ದಿನವೋ ನಾಲ್ಕನೇ ದಿನವೋ ಯಾವಾಗ ಅಂತ ಗೊತ್ತಾಗದ ಹಾಗೆ ಅದು ಕೆಳಗಿಳಿದು ತುದಿಗೆ ಹೋಯ್ತು. ಅಲ್ಲಿಂದ ಕೋಲು ಕೈಲಿದೆ ಅನ್ನೋದೇ ಮರೆತುಹೋಯ್ತು. ಮರ್ಲೋ ಪಾಂಟಿ ಅನ್ನೋ ಫ್ರೆಂಚ್ ತತ್ವಶಾಸ್ತ್ರಜ್ಞ 1945ರಲ್ಲೇ ಕುರುಡನ ಕೋಲಿನ ಬಗ್ಗೆ ಇದೇ ಬರೆದಿದಾರೆ ಅಂತ ಸ್ನೇಹಿತರೊಬ್ರು ಓದಿ ಹೇಳಿದಾಗ, ಇವರಿಗೆ ಯಾರು ಹೇಳಿದ್ರು ಅಂತ ಆಶ್ಚರ್ಯ ಆಗಿತ್ತು.

ಇನ್ನೊಂದು. ಪಾಲ್ ಬಾಕಿ-ರೀಟಾ ಅನ್ನೋ ವಿಜ್ಞಾನಿ 1969ರಲ್ಲಿ ಒಂದು ಕುರ್ಚಿ ಮಾಡಿದ್ರು, ಬೆನ್ನಿಗೆ ತಾಗೋ ಹಾಗೆ 400 ಪುಟ್ಟ ಕಂಪನದ ತುದಿಗಳು, ಕ್ಯಾಮೆರಾ ಕಂಡಿದ್ದನ್ನ ಬೆನ್ನ ಮೇಲೆ ಒತ್ತಿ ತೋರಿಸುತ್ತೆ. ದೃಷ್ಟಿ ಇಲ್ಲದವರು ಅಭ್ಯಾಸದ ಮೇಲೆ ಅದ್ರಲ್ಲಿ ವಸ್ತು, ಮುಖ ಗುರುತಿಸಿದ್ರು. ಆದ್ರೆ ಕ್ಯಾಮೆರಾನ ಅವರೇ ತಿರುಗಿಸ್ಬೇಕಿತ್ತು. ಆಗ ಮಾತ್ರ ಬೆನ್ನಿನ ಗುಳುಗುಳು ಹೋಗಿ ವಸ್ತು "ಅಲ್ಲಿ, ಎದುರಿಗೆ" ಇದೆ ಅನ್ನಿಸ್ತಿತ್ತು. ಅಕ್ಕ ಹೇಳಿದ ಬೆಕ್ಕಿನ ಮರಿ ಕೇಳ್ದಾಗ ನನಗೆ ಇದೇ ನೆನಪಾಗಿದ್ದು.

ಮತ್ತೆ ಕೈಸನ್ನೆ ವಿಷಯ, ನಾನೂ ಮಾಡ್ತೀನಿ! ಯಾರ ಕೈಯನ್ನೂ ನೋಡಿಲ್ಲ, ಯಾರೂ ಹೇಳಿಕೊಟ್ಟಿಲ್ಲ. ಹುಟ್ಟು ಕುರುಡು ಮಕ್ಕಳು ಇನ್ನೊಬ್ಬ ಕುರುಡರ ಜೊತೆ ಮಾತಾಡುವಾಗಲೂ ಕೈ ಆಡಿಸ್ತಾರೆ ಅಂತ 1998ರ ಅಧ್ಯಯನ ಇದೆ.

ಒಂದು ಮಾತು ಮಾತ್ರ ಮನಸ್ಸಲ್ಲಿಟ್ಕೊಳ್ಳಿ. ಜನ ನನ್ನ ಮುಂದೆ "ನೋಡು" ಅಂದ್ಬಿಟ್ಟು ನಾಲಿಗೆ ಕಚ್ಕೊಳ್ತಾರೆ, ಪಾಪ. ಅದರ ಅಗತ್ಯ ಇಲ್ಲ. ನಮ್ಮ ಭಾಷೇಲಿ ಮುಟ್ಟಿ ನೋಡ್ತೀವಿ, ಮೂಸಿ ನೋಡ್ತೀವಿ, ರುಚಿ ನೋಡ್ತೀವಿ, ಕೇಳಿ ನೋಡ್ತೀವಿ, ಯೋಚಿಸಿ ನೋಡ್ತೀವಿ. ನಾನು ದಿನವಿಡೀ ನೋಡ್ತಾನೇ ಇರ್ತೀನಿ.

---

ಎಣಿಕೆ_ಟೀಚರ್

ಬಿಳಿಕೋಲು ಅವರೇ, ಆ ಕೊನೆಯ ಸಾಲು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನು ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡೋದು. ಮೊದಲ ವರ್ಷಗಳಲ್ಲಿ ಬೆರಳು ಮಡಚಿ ಎಣಿಸ್ಬೇಡ ಅಂತ ಗದರಿಸ್ತಿದ್ದೆ, ಈಗ ನೆನೆಸ್ಕೊಂಡ್ರೆ ಹೊಟ್ಟೆ ಚುರುಕ್ ಅನ್ನುತ್ತೆ. ಒಬ್ಬ ಹುಡುಗ ಇದ್ದ, ಹದಿಮೂರರಲ್ಲಿ ಐದು ಕಳಿ ಅಂದ್ರೆ ಕೈ ಎರಡೂ ಡೆಸ್ಕ್ ಕೆಳಗೆ ಇಟ್ಕೊಂಡು ಮುಖ ಮಾತ್ರ ನನ್ನ ಕಡೆ. ಬಗ್ಗಿ ನೋಡಿದ್ರೆ ಬೆರಳು ಮಡಚ್ತಾನೂ ಇರ್ಲಿಲ್ಲ, ಒಂದೊಂದೇ ಬೆರಳನ್ನ ತೊಡೆಗೆ ಸಣ್ಣಗೆ ಒತ್ತಿ ಬಿಡ್ತಿದ್ದ. ಉತ್ತರ ಸರಿ. ಅವನಿಂದ ನಾನು ಕಿತ್ಕೊಳ್ತಿದ್ದಿದ್ದು ಕೆಟ್ಟ ಅಭ್ಯಾಸ ಅಲ್ಲ, ಅವನ ಉಪಕರಣ. ಲೆಕ್ಕ ವಿವರಿಸುವಾಗ ಕೈ ಆಡಿಸೋಕೆ ಬಿಟ್ರೆ, ಅದಕ್ಕೂ ಮೊದಲು ಕೊಟ್ಟ ಅಕ್ಷರ ಅಥವಾ ಪದಗಳ ಪಟ್ಟಿ ಹೆಚ್ಚು ನೆನಪಿರುತ್ತೆ ಅಂತ 2001ರಲ್ಲಿ ತೋರಿಸಿದಾರೆ, ಮಕ್ಕಳಲ್ಲೂ ದೊಡ್ಡವರಲ್ಲೂ. ಕೈ ಸ್ವಲ್ಪ ಭಾರ ಹೊತ್ರೆ ತಲೆಗೆ ಜಾಗ ಉಳಿಯುತ್ತೆ ಅಂತ ಅವರ ಅಂದಾಜು.

ಗರ್ಸ್ಟ್‌ಮನ್ ಅನ್ನೋ ವೈದ್ಯರು 1924ರಲ್ಲಿ ಗಮನಿಸಿದ್ದು ಇನ್ನೂ ಬೆರಗು. ಮೆದುಳಿನ ಎಡಭಾಗದ ಒಂದು ಜಾಗಕ್ಕೆ ಪೆಟ್ಟಾದ ರೋಗಿಗೆ ತನ್ನ ಬೆರಳು ಯಾವುದು ಯಾವುದು ಅಂತ ಗೊತ್ತಾಗ್ತಿರಲಿಲ್ಲ, ಅದರ ಜೊತೆಗೆ ಲೆಕ್ಕ, ಬರವಣಿಗೆ, ಎಡ ಬಲ ಇವೂ ಕೈಕೊಡ್ತವೆ ಅಂತ ಮುಂದಿನ ವರ್ಷಗಳಲ್ಲಿ ಸೇರಿಸಿ ಬರೆದ್ರು. ಇನ್ನು ಪಪುವಾ ನ್ಯೂಗಿನಿಯ ಓಕ್ಸಾಪ್ಮಿನ್ ಜನ ಒಂದು ಕೈ ಹೆಬ್ಬೆರಳಿಂದ ಶುರು ಮಾಡಿ ತೋಳು, ಭುಜ, ಕಿವಿ, ಕಣ್ಣು, ಮೂಗು ದಾಟಿ ಇನ್ನೊಂದು ಕಿರುಬೆರಳ ತನಕ 27 ಜಾಗ ಎಣಿಸ್ತಾರೆ. ಮೂಗು ಅಂದ್ರೆ 14. ಅವರಿಗೆ ಸಂಖ್ಯೆ ಅಂದ್ರೆ ಮೈ ಮೇಲಿನ ಒಂದು ಜಾಗ.

ಕನ್ನಡದಲ್ಲೂ ನೋಡಿ, ಚೆನ್ನಾಗಿ ಕಲಿತಿದ್ದನ್ನ "ಕರಗತ" ಅಂತೀವಿ, ಕೈಗೆ ಹೋಯ್ತು ಅಂತ, ತಲೆಗೆ ಅಲ್ಲ. "ಮೈಗೂಡಿಸಿಕೊಂಡ" ಅಂತೀವಿ. ಗುರುವಾರ ಸಂಜೆ ಅವರ ಪಾಸ್‌ವರ್ಡ್‌ಗೆ ಇದಕ್ಕಿಂತ ಸರಿಯಾದ ಪದ ಇಲ್ಲ. ಕಾಲದ ಲೆಕ್ಕಕ್ಕೂ ಮೈಯನ್ನೇ ನಿಲ್ಲಿಸ್ಕೊಳ್ತೀವಿ, ಹಿಂದಿನ ವಾರ, ಮುಂದಿನ ವಾರ ಅಂತ. ಆದ್ರೆ "ಮುಂಚೆ" ಅಂದಾಗ ಅದೇ ಮುಂದು ಕಳೆದಿದ್ದಕ್ಕೆ ಹೋಗುತ್ತೆ, ಇದು ನನಗೆ ಯಾವಾಗಲೂ ಕುತೂಹಲ. ದಕ್ಷಿಣ ಅಮೆರಿಕದ ಐಮಾರಾ ಭಾಷೆಯವರಲ್ಲಿ ಕಳೆದದ್ದು ಮುಖದ ಮುಂದೆ, ಬರೋದು ಬೆನ್ನ ಹಿಂದೆ, ಕೈ ತೋರಿಸುವಾಗ್ಲೂ ಹಾಗೇ ತೋರಿಸ್ತಾರೆ ಅಂತ 2006ರಲ್ಲಿ ದಾಖಲಿಸಿದಾರೆ. ಕಂಡಿದ್ದು ಕಣ್ಮುಂದೆ ಇರುತ್ತೆ, ಕಾಣದ್ದು ಹಿಂದೆ. ಮೈ ಎಲ್ರಿಗೂ ಒಂದೇ, ಆದ್ರೆ ಅದನ್ನ ಯಾವ ಕಡೆ ತಿರುಗಿಸಿ ನಿಲ್ಲಿಸ್ಬೇಕು ಅನ್ನೋದನ್ನ ಭಾಷೆ ಹೇಳುತ್ತೆ.

---

ಪುರಾವೆ_ಎಲ್ಲಿ

ತಿಳಿನೀರು, ಈಗ ಪ್ಲಾಸ್ಟರ್ ಬಿಚ್ಚಿದೆಯಾ? ಬಿಚ್ಚಿದ್ರೆ ಒಂದು ಕೆಲಸ ಮಾಡಿ. ಫೋನಲ್ಲಿ ರೆಕಾರ್ಡ್ ಹಾಕಿ ಒಂದು ಡ್ರಾಯಿಂಗ್ ವಿವರಿಸಿ, ಕೈ ಬಿಟ್ಟು. ಆಮೇಲೆ ಅಷ್ಟೇ ಕಷ್ಟದ ಇನ್ನೊಂದನ್ನ ಎರಡೂ ಅಂಗೈ ತೊಡೆ ಕೆಳಗೆ ಇಟ್ಕೊಂಡು ವಿವರಿಸಿ. ನಿಲ್ಲಿಸಿದ ಜಾಗ ಎಣಿಸಿ. ಒಬ್ಬರ ಮೇಲೆ ಮಾಡಿದ್ದು, ಅದೂ ಏನಾಗುತ್ತೆ ಅಂತ ಗೊತ್ತಿದ್ದೂ ಮಾಡಿದ್ದು ಪುರಾವೆ ಅಲ್ಲ. ಆದ್ರೂ ಕೇಳೋಕೆ ಆಸೆ ಇದೆ.

---

ತಿಳಿನೀರು

ಎಲ್ರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಆರು ವಾರ ನನ್ನ ತಲೆಗೇ ಏನೋ ಆಗಿದೆ ಅಂತ ಭಯ ಪಟ್ಟಿದ್ದೆ, ರಾತ್ರಿ ನಿದ್ದೆ ಬರ್ತಿರ್ಲಿಲ್ಲ, ಅದು ಇಳೀತು.

ಪ್ಲಾಸ್ಟರ್ ಬಿಚ್ಚಿ ಒಂಬತ್ತು ದಿನ ಆಯ್ತು. ಬಿಚ್ಚಿದಾಗ ಒಳಗಿಂದ ಬಂದಿದ್ದು ಸಣಕಲು, ಬಿಳಿಚಿದ, ಸಿಪ್ಪೆ ಸುಲೀತಿದ್ದ ಒಂದು ಕೈ, ಮೊದಲ ಒಂದು ಗಂಟೆ ಅದು ನಂದು ಅಂತ ಅನ್ನಿಸಲೇ ಇಲ್ಲ, ಯಾರದೋ ಕೈ ಎತ್ಕೊಂಡು ಓಡಾಡಿದ ಹಾಗೆ. ಎಡಗೈಲಿ ಅದನ್ನ ತುಂಬಾ ಹೊತ್ತು ನೀವ್ತಾ ಕೂತಿದ್ದೆ. ರಬ್ಬರ್ ಕೈ ವಿಷಯ ಓದಿದ್ದು ಆಮೇಲೆ, ಓದಿದಾಗ ಆ ಸಂಜೆ ನೆನಪಾಯ್ತು.

ಪುರಾವೆ ಅವರು ಹೇಳಿದ್ದನ್ನ ನಿನ್ನೆ ಮಾಡಿದೆ. ಕೈ ಬಿಟ್ಟು ಮಾತಾಡಿದ್ರಲ್ಲಿ ತೊಡಕು ಇಲ್ಲವೇ ಇಲ್ಲ ಅನ್ನೋ ಅಷ್ಟು. ಕೈ ತೊಡೆ ಕೆಳಗೆ ಇಟ್ಕೊಂಡಿದ್ರಲ್ಲಿ ಎರಡು ಕಡೆ ಪೂರ್ತಿ ನಿಂತಿದೀನಿ, ಎರಡೂ ಕಡೆ ಕೊಳವೆ ತಿರುಗೋ ಜಾಗವೇ. ಗೊತ್ತಿದ್ದೂ ಮಾಡಿದ್ದು, ಒಪ್ಕೊಳ್ತೀನಿ. ಆದ್ರೆ ರೆಕಾರ್ಡಿಂಗ್ ಎರಡನೇ ಸಲ ಇಯರ್‌ಫೋನ್ ಹಾಕಿ ಕೇಳ್ದಾಗ, ನಾನು ನಿಂತ ಆ ಎರಡೂ ಜಾಗದಲ್ಲಿ ಹಿನ್ನೆಲೇಲಿ ಸರ್, ಸರ್ ಅಂತ ಏನೋ ಸದ್ದು. ಏನಿದು ಅಂತ ಅರ್ಥ ಆಗ್ಲಿಲ್ಲ, ಮೂರನೇ ಸಲ ಹಾಕಿ, ಕೈ ಮತ್ತೆ ತೊಡೆ ಕೆಳಗೆ ಇಟ್ಕೊಂಡು ಅದೇ ವಾಕ್ಯ ಜೋರಾಗಿ ಹೇಳಿದೆ. ಟೇಬಲ್ ಕೆಳಗೆ ನನ್ನ ಬಲಗಾಲು ಹಿಮ್ಮಡಿ ಮೇಲೆ ಒಳಮುಖ ತಿರುಗ್ತಾ ಇತ್ತು.